ಹಿತ್ತಲಿನ ಟರ್ಫ್ ಅಂಕಣ: ಮೊದಲು ನೆಲ, ಆಮೇಲೆ ಹುಲ್ಲು

ಮನೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರಿಸುವ ಈ ಪುಟಕ್ಕೆ ಸಾಮಾನ್ಯವಾಗಿ ತಳಪಾಯ, ಸೋರುವ ಮಾಳಿಗೆ, ಬಿರುಕು ಬಿಟ್ಟ ಗೋಡೆಗಳ ಬಗೆಗಿನ ಪತ್ರಗಳು ಬರುತ್ತವೆ. ಬೇಸಿಗೆ ರಜೆ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಮಾತ್ರ ಒಂದು ಹೊಸ ವಿಷಯ ಮತ್ತೆ ಮತ್ತೆ ಕಾಣಿಸಿತು. ಊರಿನ ಬಾಕ್ಸ್ ಕ್ರಿಕೆಟ್ ಟರ್ಫ್‌ಗಳಲ್ಲಿ, ಅಂದರೆ ಪ್ಲಾಸ್ಟಿಕ್ ಎಳೆಗಳ ಕೃತಕ ಹುಲ್ಲು ಹಾಸಿದ ಅಂಕಣಗಳಲ್ಲಿ, ತಾಸಿಗಿಷ್ಟು ಎಂದು ಬಾಡಿಗೆ ಕೊಟ್ಟು ಆಡಿ ಬಂದ ಮಕ್ಕಳು ಅಂಥದೇ ಹಸಿರು ನೆಲವನ್ನು ಮನೆಯ ಹಿತ್ತಲಲ್ಲಿ ಬಯಸುತ್ತಿದ್ದಾರೆ. ತಂದೆ ತಾಯಿಯರು ಹಣ ತೊಡಗಿಸುವ ಮುನ್ನ ವಿಚಾರಿಸುತ್ತಿದ್ದಾರೆ. ಹೀಗೆ ಮೊದಲೇ ವಿಚಾರಿಸುತ್ತಿರುವುದು ನನಗೆ ಬಹಳ ಸಂತೋಷ ತಂದಿದೆ. ಆದ್ದರಿಂದ ಈ ತಿಂಗಳ ಪುಟವನ್ನು ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯ ಹಿಂದೆ ಎರಡೂವರೆ ಗುಂಟೆ ಜಾಗ ಖಾಲಿ ಇದೆ. ಮಕ್ಕಳಿಬ್ಬರಿಗೂ ಬ್ಯಾಡ್ಮಿಂಟನ್ ಎಂದರೆ ಪ್ರಾಣ. ಗುತ್ತಿಗೆದಾರರೊಬ್ಬರು ಜೆಸಿಬಿಯಿಂದ ನೆಲವನ್ನು ಸಮ ಮಾಡಿ, ಎರಡು ಇಂಚು ಉಸುಕು ಹರವಿ, ಅದರ ಮೇಲೆ ಟರ್ಫ್ ಹಾಸಿ ಮೂರೇ ದಿನದಲ್ಲಿ ಮುಗಿಸಿಕೊಡುವುದಾಗಿ ಹೇಳುತ್ತಾರೆ. ನಮ್ಮದು ಎರೆ ನೆಲ. ಈ ಕೆಲಸ ಬಾಳಿಕೆ ಬಂದೀತೆ?
— ಓದುಗರು, ಬಸವನ ಬಾಗೇವಾಡಿ

ಉತ್ತರ: ಬಾಳಿಕೆ ಬರುವುದಿಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣ ನಿಮ್ಮ ಎರೆ ಮಣ್ಣಿನ ಸ್ವಭಾವ. ಎರೆಯಲ್ಲಿರುವ ಅತಿ ಸಣ್ಣ ಜೇಡಿ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಊರಿನ ಹೊಲಗಳಲ್ಲಿ ಮೊಳಕೈವರೆಗೆ ಕೈ ಇಳಿಯುವಷ್ಟು ಆಳದ ಬಿರುಕುಗಳು ಬಿಟ್ಟಿರುವುದನ್ನೂ, ಮುಂಗಾರಿನ ಎರಡು ದೊಡ್ಡ ಮಳೆಗಳಾದ ಮೇಲೆ ಅವೇ ಬಿರುಕುಗಳು ಗುರುತು ಸಿಗದಂತೆ ಮುಚ್ಚಿಕೊಳ್ಳುವುದನ್ನೂ ನೀವು ಚಿಕ್ಕಂದಿನಿಂದ ಕಂಡಿರುತ್ತೀರಿ. ನಿಮ್ಮ ಜಿಲ್ಲೆಯ ಡೋಣಿ ಹೊಳೆಯ ಬಗೆಗಿನ ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ಮಾತು ಹುಟ್ಟಿದ್ದು ಇದೇ ಮಣ್ಣಿನಿಂದ. ಹಿಂಗಾರಿ ಬಿಳಿಜೋಳಕ್ಕೆ ತಿಂಗಳುಗಟ್ಟಲೆ ತೇವ ಹಿಡಿದುಕೊಡುವ ಅದರ ಗುಣವೇ ಆಟದ ಅಂಕಣದ ಕೆಳಗೆ ಬಂದಾಗ ದೋಷವಾಗುತ್ತದೆ. ವರ್ಷಕ್ಕೊಮ್ಮೆ ಏಳುವ ಮತ್ತು ಇಳಿಯುವ ನೆಲದ ಮೇಲೆ ಹಾಸಿದ ಯಾವ ಹಾಸೂ, ಅದು ಎಷ್ಟೇ ಬೆಲೆಯದಾಗಿರಲಿ, ಸಮತಟ್ಟಾಗಿ ಉಳಿಯಲಾರದು.

ಇದನ್ನು ನಾನು ನನ್ನ ಅಣ್ಣನ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ವಿಜಯಪುರದ ಸಮೀಪದ ಅವನ ಮನೆಯ ಹಿತ್ತಲಲ್ಲಿ ಒಬ್ಬ ಗುತ್ತಿಗೆದಾರರು ನಿಮಗೆ ಹೇಳಿದ ರೀತಿಯಲ್ಲೇ ಉಸುಕಿನ ಮೇಲೆ ನೇರವಾಗಿ ಟರ್ಫ್ ಹಾಸಿಕೊಟ್ಟರು. ಮೊದಲ ಮಳೆಗಾಲ ಸುಸೂತ್ರವಾಗಿ ಕಳೆಯಿತು. ಮರುವರ್ಷದ ಮಾರ್ಚ್ ಹೊತ್ತಿಗೆ ಎರಡು ಹಾಸುಗಳ ನಡುವಿನ ಜೋಡಣೆ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತು. ಅದರ ಪಕ್ಕದಲ್ಲೇ ಒಂದು ಕಡೆ ನೆಲ ತಗ್ಗಾಗಿ, ಓಡುತ್ತಿದ್ದ ಅಣ್ಣನ ಮಗಳ ಪಾದ ತಿರುಚಿ ಆಕೆ ಮೂರು ವಾರ ಶಾಲೆಗೆ ಕುಂಟುತ್ತ ಹೋಗಬೇಕಾಯಿತು. ನಾವಿಬ್ಬರೂ ಕೂಡಿ ಹಾಸನ್ನು ಎತ್ತಿ ನೋಡಿದೆವು. ಕೆಳಗೆ ಒಂದು ಉದ್ದನೆಯ ಬಿರುಕಿತ್ತು. ಎಳೆಗಳನ್ನು ನೆಟ್ಟಗೆ ನಿಲ್ಲಿಸಲು ಮೇಲಿನಿಂದ ತುಂಬಿದ್ದ ಸಿಲಿಕಾ ಉಸುಕು, ಕೆಳಗೆ ಹರವಿದ್ದ ಹೊಳೆಯ ಉಸುಕು, ಎರಡೂ ಜರಡಿಯಿಂದ ಸೋರಿದಂತೆ ಆ ಬಿರುಕಿನೊಳಗೆ ಇಳಿದುಹೋಗಿದ್ದವು. ಕಪ್ಪು ಮಣ್ಣಿನ ನಡುವೆ ಬಿಳಿ ಉಸುಕಿನ ಆ ಗೆರೆ ಇಂದಿಗೂ ನನ್ನ ಕಣ್ಣ ಮುಂದಿದೆ. ಹಾಸಿನಲ್ಲಿ ಯಾವ ದೋಷವೂ ಇರಲಿಲ್ಲ. ಅದೇ ಹಾಸನ್ನು ಆಮೇಲೆ ಸರಿಯಾದ ನೆಲದ ಮೇಲೆ ಮತ್ತೆ ಬಳಸಿದೆವು.

ಈಗ ಸರಿಯಾದ ಕ್ರಮವನ್ನು ಹೇಳುತ್ತೇನೆ. ಬ್ಯಾಡ್ಮಿಂಟನ್ ಅಂಕಣ 44 ಅಡಿ ಉದ್ದ, 20 ಅಡಿ ಅಗಲ ಇರುತ್ತದೆ. ಆಟಗಾರ ಗೆರೆಯಾಚೆಗೂ ಓಡುವುದರಿಂದ ಎರಡೂ ತುದಿಗಳಿಗೆ ಆರು ಅಡಿ, ಎರಡೂ ಬದಿಗೆ ಐದು ಅಡಿ ಬಿಟ್ಟರೆ ಒಟ್ಟು 56 ಅಡಿ ಉದ್ದ, 30 ಅಡಿ ಅಗಲದ ಜಾಗ, ಅಂದರೆ 1,680 ಚದರಡಿ ಬೇಕು. ಎರಡೂವರೆ ಗುಂಟೆಯಲ್ಲಿ 2,700 ಚದರಡಿಗೂ ಹೆಚ್ಚು ಇರುವುದರಿಂದ ಜಾಗದ ಕೊರತೆ ಇಲ್ಲ. ಮೊದಲು ಮೂರು ಮೂಲೆಗಳಲ್ಲಿ ಮೂರು ಅಡಿ ಆಳದ ಗುಂಡಿ ತೋಡಿಸಿ ಎರೆ ಎಷ್ಟು ಆಳದವರೆಗೆ ಇದೆ ಎಂದು ನೋಡಿರಿ. ಒಂದೂವರೆ ಎರಡು ಅಡಿಯಲ್ಲಿ ಗರಸು (ಹರಳುಕಲ್ಲು ಬೆರೆತ ಗಟ್ಟಿ ಮಣ್ಣು) ಸಿಕ್ಕರೆ ಅದು ನಿಮ್ಮ ಅದೃಷ್ಟ, ಅಲ್ಲಿಯವರೆಗಿನ ಎರೆಯನ್ನು ಪೂರ್ತಿ ತೆಗೆಸಬಹುದು. ಸಿಗದಿದ್ದರೆ ಕನಿಷ್ಠ ಒಂದೂವರೆ ಅಡಿ ತೆಗೆಸಿ, ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ ಗರಸು ತುಂಬಬೇಕು. ಈ ಬಟ್ಟೆ ನೀರನ್ನು ಬಿಡುತ್ತದೆ, ಆದರೆ ಹಸಿ ಎರೆ ಮೇಲೆದ್ದು ಗರಸಿನೊಂದಿಗೆ ಬೆರೆಯುವುದನ್ನು ತಡೆಯುತ್ತದೆ.

ಗರಸನ್ನು ಒಮ್ಮೆಲೇ ಸುರಿದು ಮೇಲೆ ರೋಲರ್ ಓಡಿಸುವುದು ಎಲ್ಲ ಕಡೆ ಕಾಣುವ ತಪ್ಪು. ಆರು ಇಂಚಿಗೊಂದು ಪದರದಂತೆ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು, ದಿಮ್ಮಸು ಮಾಡಿಸಬೇಕು. ಹಿಮ್ಮಡಿ ಊರಿದರೆ ಗುರುತು ಬೀಳದಿದ್ದಾಗ ಮಾತ್ರ ಮುಂದಿನ ಪದರ. ನಮ್ಮ ಭಾಗದ ಹಳೆಯ ಗೌಂಡಿಗಳು ಎರೆ ನೆಲದಲ್ಲಿ ಮನೆಯ ಪಾಯಕ್ಕೆ ಗರಸು ತುಂಬಿಸುತ್ತಿದ್ದುದೂ ಇದೇ ತಿಳಿವಳಿಕೆಯಿಂದ. ನಿಮ್ಮ ಅಳತೆಗೆ ಒಂದೂವರೆ ಅಡಿ ಎಂದರೆ 25 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಗರಸಾಗುತ್ತದೆ, ಕುಗ್ಗುವುದನ್ನು ಲೆಕ್ಕ ಹಿಡಿದರೆ 30 ಬ್ರಾಸ್ ತರಿಸಬೇಕು. ಅದರ ಮೇಲೆ ನಾಲ್ಕು ಇಂಚು ಖಡಿ (ಜಲ್ಲಿ ಕಲ್ಲು), ಕೊನೆಗೆ ಎರಡು ಇಂಚು ಕ್ರಷರ್ ಪುಡಿ. ಹೀಗೆ ಅಂಕಣದ ಮುಖ ಸುತ್ತಲಿನ ನೆಲಕ್ಕಿಂತ ಆರು ಇಂಚು ಎತ್ತರಕ್ಕೆ ಬರುತ್ತದೆ, ಹೊರಗಿನ ನೀರು ಒಳಗೆ ನುಗ್ಗುವುದಿಲ್ಲ. ಗರಸಿನ ಮೇಲ್ಮೈಗೇ ಇಳಿಜಾರು ಕೊಟ್ಟು ಒಳಗಿಳಿದ ನೀರು ಪಕ್ಕದ ಪೈಪಿಗೆ ಹೋಗುವಂತೆ ಮಾಡಬೇಕು, ಏಕೆಂದರೆ ಆ ನೀರು ಕೆಳಗಿನ ಎರೆಗೆ ಇಳಿದಷ್ಟೂ ಅದು ಉಬ್ಬುತ್ತದೆ. ಬಚ್ಚಲ ನೀರು, ಬಟ್ಟೆ ಒಗೆಯುವ ಕಲ್ಲಿನ ನೀರು, ತೆಂಗಿನ ಗಿಡಕ್ಕೆ ಹಾಯಿಸುವ ನೀರು ಅಂಕಣದ ಅಂಚಿನಲ್ಲಿ ಇಂಗಬಾರದು. ಒಂದೇ ಬದಿ ವರ್ಷವಿಡೀ ಹಸಿಯಾಗಿದ್ದರೆ ಆ ಬದಿ ಮಾತ್ರ ಮೇಲೇಳುತ್ತದೆ.

ಕಾಂಕ್ರೀಟ್ ಹಾಕಿದರೆ ಇಷ್ಟೆಲ್ಲ ಬೇಕಿಲ್ಲವಲ್ಲ ಎಂದು ಕೆಲವರು ಸಲಹೆ ಕೊಡಬಹುದು. ಎರೆಯ ಮೇಲೆ ನೇರವಾಗಿ ಹಾಕಿದ ಮೂರು ನಾಲ್ಕು ಇಂಚಿನ ಕಾಂಕ್ರೀಟ್ ಎರಡು ವರ್ಷದೊಳಗೆ ಸೀಳುವುದನ್ನು ನಾನು ಅನೇಕ ಅಂಗಳಗಳಲ್ಲಿ ನೋಡಿದ್ದೇನೆ. ಕಾಂಕ್ರೀಟ್ ಬೇಕೇ ಬೇಕು ಎನ್ನುವವರೂ ಗರಸಿನ ಕೆಲಸವನ್ನು ಬಿಡುವಂತಿಲ್ಲ.

ಸಮಯದ ವಿಷಯದಲ್ಲಿಯೂ ಆತುರ ಬೇಡ. ಮುಂಗಾರಿಗೆ ಮೊದಲು ನೆಲದ ಕೆಲಸ ಮುಗಿಸಿ, ಒಂದು ಮಳೆಗಾಲ ಅದನ್ನು ಹಾಗೆಯೇ ಬಿಡಿರಿ. ಎಲ್ಲಿ ಕುಸಿಯುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಅದನ್ನು ತಿದ್ದಿ, ದೀಪಾವಳಿ ಆದ ಮೇಲೆ ಟರ್ಫ್ ಹಾಸಿಸಿರಿ. ಆ ಕೆಲವು ತಿಂಗಳು ಮಕ್ಕಳು ಗರಸಿನ ಮೇಲೆಯೇ ಆಡಲಿ, ಯಾವ ಹಾನಿಯೂ ಇಲ್ಲ.

ಪ್ರಶ್ನೆ: ನಮ್ಮದು ಬೆಳಗಾವಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ. ಪರಿಚಯದವರೊಬ್ಬರ ಮನೆಯ ಟರ್ಫ್ ಮೇಲೆ ನೀರು ನಿಂತು ಹಾವಸೆ ಕಟ್ಟಿದ್ದನ್ನು ನೋಡಿ ಹಿಂಜರಿಯುತ್ತಿದ್ದೇವೆ. ಮಳೆಯ ಊರಿನಲ್ಲಿ ಇದು ಸಾಧ್ಯವೇ?
— ಗೃಹಿಣಿಯೊಬ್ಬರು, ಬೆಳಗಾವಿ

ಉತ್ತರ: ಖಂಡಿತ ಸಾಧ್ಯ. ವಾಸ್ತವವಾಗಿ, ನೆಲದ ದೃಷ್ಟಿಯಿಂದ ನೀವು ವಿಜಯಪುರದವರಿಗಿಂತ ಅನುಕೂಲದ ಸ್ಥಿತಿಯಲ್ಲಿದ್ದೀರಿ. ನಿಮ್ಮ ಹಿತ್ತಲಿನಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣಿದ್ದರೆ ಅದು ಎರೆಯಂತೆ ಉಬ್ಬುವುದಿಲ್ಲ, ನೀರನ್ನು ಬೇಗ ಇಂಗಿಸುತ್ತದೆ. ಬೆಳಗಾವಿಯಲ್ಲೂ ಕೆಲವು ಬಡಾವಣೆಗಳಲ್ಲಿ ಕಪ್ಪು ಮಣ್ಣಿದೆ. ಹಾಗಿದ್ದರೆ ಮೇಲಿನ ಉತ್ತರವೇ ನಿಮಗೂ ಅನ್ವಯಿಸುತ್ತದೆ.

ನೀರಿನ ಪ್ರಮಾಣವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. 1,680 ಚದರಡಿ ಎಂದರೆ ಸುಮಾರು 156 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದೇ ದಿನ 50 ಮಿಲಿಮೀಟರ್ ಮಳೆಯಾದರೆ ನಿಮ್ಮ ಅಂಕಣದ ಮೇಲೆ 7,800 ಲೀಟರ್, ಅಂದರೆ ಒಂದು ದೊಡ್ಡ ಟ್ಯಾಂಕರಿನಷ್ಟು ನೀರು ಬೀಳುತ್ತದೆ. ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆ ಪಡೆಯುವ ಊರಿನಲ್ಲಿ ಅದು 1 ಲಕ್ಷ 87 ಸಾವಿರ ಲೀಟರಿನಷ್ಟಾಗುತ್ತದೆ. ಈ ನೀರಿಗೆ ದಾರಿ ತೋರಿಸದೆ ಹಾಸಿದ ಟರ್ಫ್ ಮೇಲೆ ಹಾವಸೆ ಕಟ್ಟುವುದು ಸಹಜ.

ಅಂಕಣಕ್ಕೆ ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರು ಸಾಕು. 30 ಅಡಿ ಅಗಲಕ್ಕೆ ಅದು ಮೂರೂವರೆ ಇಂಚಿನಷ್ಟಾಗುತ್ತದೆ. ಆಡುವವರಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಇಳಿಜಾರು ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಸಮನೆ ಇರಲಿ. ನೆಟ್ ಕೆಳಗೆ ದಿಬ್ಬ ಮಾಡಿ ಎರಡೂ ಕಡೆಗೆ ಇಳಿಸುವುದು ಬೇಡ, ಹಾಗೆ ಮಾಡಿದರೆ ಇಬ್ಬರೂ ಆಟಗಾರರು ತಗ್ಗಿನಲ್ಲಿ ನಿಂತು ಆಡಿದಂತಾಗುತ್ತದೆ. ಗೌಂಡಿಯ ಬಳಿ ಇರುವ ನೀರು ತುಂಬಿದ ಲೆವೆಲ್ ಪೈಪಿನಿಂದ ನೀವೇ ಎದುರು ನಿಂತು ಐದು ಅಡಿಗೊಂದರಂತೆ ಮಟ್ಟ ನೋಡಿಸಿರಿ. ಬಳಿಕ ಕ್ರಷರ್ ಪುಡಿಯ ಮೇಲೆ, ಟರ್ಫ್ ಹಾಸುವ ಮುನ್ನವೇ, ಹತ್ತು ಕೊಡ ನೀರನ್ನು ಎತ್ತರದ ಬದಿಯಲ್ಲಿ ಸುರಿಸಿ ನೋಡಿರಿ. ಹತ್ತು ನಿಮಿಷದ ಮೇಲೂ ಎಲ್ಲಿಯಾದರೂ ನೀರು ನಿಂತಿದ್ದರೆ ಆ ಜಾಗಕ್ಕೆ ಸುಣ್ಣದಿಂದ ಗುರುತು ಹಾಕಿ ತಿದ್ದಿಸಿರಿ. ಹಾಸಿದ ಮೇಲೆ ಈ ತಿದ್ದುಪಡಿ ದುಬಾರಿ.

ತಗ್ಗಿನ ಬದಿಯುದ್ದಕ್ಕೂ ತೂತುಗಳಿರುವ ಪೈಪನ್ನು ಖಡಿಯ ನಡುವೆ ಹೂಳಿಸಿ. ಆ ನೀರನ್ನು ಗಟಾರಿಗೆ ಬಿಡುವ ಬದಲು ಒಂದು ಇಂಗುಗುಂಡಿಗೆ ಹರಿಸುವುದು ನನ್ನ ಮನಸ್ಸಿಗೆ ಹೆಚ್ಚು ಒಪ್ಪುತ್ತದೆ. ಹಿತ್ತಲ ಮಣ್ಣನ್ನು ಮುಚ್ಚಿದ ಮೇಲೆ ಅದರ ಪಾಲಿನ ನೀರನ್ನು ಅದಕ್ಕೆ ಮರಳಿಸುವುದು ನಮ್ಮ ಹೊಣೆ. ಬಾವಿ ಇರುವ ಮನೆಯಾದರೆ ಬಾವಿಯಿಂದ ದೂರವಿಟ್ಟು ಇಂಗಿಸಬೇಕು, ಏಕೆಂದರೆ ಟರ್ಫ್ ಮೇಲಿನ ನೀರಿನಲ್ಲಿ ಸವೆದ ಪ್ಲಾಸ್ಟಿಕ್ ಎಳೆಗಳ ಚೂರುಗಳೂ ಇರುತ್ತವೆ. ಪೈಪಿನ ಬಾಯಿಗೆ ಸಣ್ಣ ಜಾಲರಿ ಹಾಕಿ ಆ ಚೂರುಗಳನ್ನು ತಿಂಗಳಿಗೊಮ್ಮೆ ತೆಗೆಯಿರಿ. ಪಕ್ಕದ ಮನೆಯ ಕಂಪೌಂಡಿನ ಕಡೆಗೆ ಇಳಿಜಾರು ಕೊಡಲೇಬಾರದು.

ಇನ್ನು ಹಾವಸೆ. ಅದಕ್ಕೆ ಬೇಕಾದುದು ನೆರಳು, ತೇವ ಮತ್ತು ಕೊಳೆಯುವ ಎಲೆ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಎಲೆ ಗುಡಿಸಿ, ಒರಟು ನೈಲಾನ್ ಕಸಬರಿಗೆಯಿಂದ ಎಳೆಗಳನ್ನು ಬಾಗಿದ ದಿಕ್ಕಿಗೆ ವಿರುದ್ಧವಾಗಿ ಎಬ್ಬಿಸಿದರೆ ಹಾವಸೆ ನೆಲೆಯೂರುವುದಿಲ್ಲ. ತಂತಿಯ ಬ್ರಷ್ ಬೇಡ.

ಪ್ರಶ್ನೆ: ನಾನು ಬಾಗಲಕೋಟೆ ನವನಗರದ ನಿವಾಸಿ, ಶಿಕ್ಷಕಿ. ಬೇಸಿಗೆ ರಜೆಯಲ್ಲಿ ಮಕ್ಕಳು ಮಧ್ಯಾಹ್ನವೂ ಹೊರಗೇ ಆಡುತ್ತಾರೆ. ಟರ್ಫ್ ಬಿಸಿಲಿಗೆ ಕಾಯುತ್ತದೆ ಎನ್ನುತ್ತಾರೆ, ನಿಜವೇ? ಅದರೊಳಗೆ ತುಂಬುವ ಕಪ್ಪು ರಬ್ಬರ್ ಕಾಳುಗಳು ಮಕ್ಕಳಿಗೆ ಸುರಕ್ಷಿತವೇ?
— ಓದುಗರು, ನವನಗರ

ಉತ್ತರ: ತಾವು ಕೇಳಿದ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಜೀವಂತ ಹುಲ್ಲು ಬೇರಿನಿಂದ ನೀರೆಳೆದು ಎಲೆಗಳಿಂದ ಆವಿಯಾಗಿಸುತ್ತ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಎಳೆಗೆ ಆ ಶಕ್ತಿ ಇಲ್ಲ. ಬಿದ್ದ ಬಿಸಿಲನ್ನೆಲ್ಲ ಹೀರಿಕೊಂಡು ಕಾಯುತ್ತದೆ. ಗಾಳಿಯ ಉಷ್ಣತೆ 40 ಡಿಗ್ರಿ ಇರುವ ಮೇ ತಿಂಗಳ ಮಧ್ಯಾಹ್ನ ಟರ್ಫ್ ಮೇಲ್ಮೈ 60 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಬರಿಗಾಲಿನ ಮಗುವಿನ ಅಂಗಾಲು ಸುಡಲು ಅಷ್ಟು ಸಾಕು. ಬಿದ್ದು ಮೊಣಕಾಲು ಉಜ್ಜಿದರೆ ಬಿಸಿಯ ಗಾಯವೂ ಘರ್ಷಣೆಯ ಗಾಯವೂ ಕೂಡಿಯೇ ಆಗುತ್ತವೆ.

ಮನೆಯಲ್ಲಿ ಒಂದು ನಿಯಮ ಮಾಡಿರಿ: ಆಟಕ್ಕಿಳಿಯುವ ಮುನ್ನ ಹಿರಿಯರೊಬ್ಬರು ಅಂಗೈಯ ಹಿಂಬದಿಯನ್ನು ಟರ್ಫ್ ಮೇಲಿಟ್ಟು ನಿಧಾನವಾಗಿ ಏಳರವರೆಗೆ ಎಣಿಸಬೇಕು. ಎಣಿಸಿ ಮುಗಿಸುವ ಮೊದಲೇ ಕೈ ತೆಗೆಯಬೇಕೆನ್ನಿಸಿದರೆ ಆಟವಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಇದರ ಅರ್ಥ ಬೆಳಗಿನ ಎಂಟೂವರೆಯೊಳಗೆ ಮತ್ತು ಸಂಜೆ ಐದೂವರೆಯ ನಂತರ ಎಂದೇ. ನೀರು ಸಿಂಪಡಿಸಿದರೆ ತಣಿಯುತ್ತದೆ, ನಿಜ. ಆದರೆ ಕಡು ಬಿಸಿಲಿನಲ್ಲಿ ಆ ತಂಪು ಬಹಳ ಹೊತ್ತು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪಾಳಿ ಹಚ್ಚುವ ಊರುಗಳಲ್ಲಿ ಪ್ಲಾಸ್ಟಿಕ್ಕಿಗೆ ನೀರು ಹೊಡೆಯುವುದನ್ನು ನಾನು ಯಾರಿಗೂ ಸೂಚಿಸಲಾರೆ. ಪಶ್ಚಿಮದ ಬದಿಯಲ್ಲಿ ಒಂದು ಬೇವಿನ ಮರವಿದ್ದರೆ ಅದನ್ನು ಕಡಿಯಬೇಡಿರಿ. ಅದರ ಎಲೆ ಮತ್ತು ಹಣ್ಣುಗಳನ್ನು ದಿನವೂ ಗುಡಿಸಬೇಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೂ ಸಂಜೆ ನಾಲ್ಕರ ನಂತರ ಅದು ಕೊಡುವ ನೆರಳಿಗೆ ಸಮನಾದುದನ್ನು ನೀವು ಅಂಗಡಿಯಿಂದ ತರಲಾರಿರಿ.

ಕಪ್ಪು ರಬ್ಬರ್ ಕಾಳು ಎಂದರೆ ಹಳೆಯ ಟೈರುಗಳನ್ನು ಪುಡಿ ಮಾಡಿದ್ದು. ಅದು ಕಪ್ಪಾಗಿರುವುದರಿಂದ ಬಿಸಿಲನ್ನು ಇನ್ನಷ್ಟು ಹೀರುತ್ತದೆ, ವಾಸನೆ ಬರುತ್ತದೆ, ಮಕ್ಕಳ ಕಾಲುಚೀಲ ಮತ್ತು ಬೂಟಿನೊಳಗೆ ಸೇರಿ ಮನೆಯ ಹಾಸಿಗೆಯವರೆಗೂ ಬರುತ್ತದೆ, ಮಳೆಯೊಂದಿಗೆ ಹರಿದು ಮಣ್ಣಿಗೆ ಸೇರುತ್ತದೆ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಸೂಕ್ಷ್ಮ ಪ್ಲಾಸ್ಟಿಕ್ ನಿಯಮದಲ್ಲಿ ಇಂಥ ಕಾಳುಗಳ ಮಾರಾಟವನ್ನು ಎಂಟು ವರ್ಷಗಳ ಕಾಲಾವಕಾಶದ ನಂತರ, ಅಂದರೆ 2031ರಿಂದ, ನಿಲ್ಲಿಸಲು ನಿರ್ಧರಿಸಿದೆ. ಅಷ್ಟಕ್ಕೂ ಹಿತ್ತಲಿಗೆ ಅದರ ಅಗತ್ಯವೇ ಇಲ್ಲ. ಅದು ಬೇಕಾಗುವುದು 40ರಿಂದ 60 ಮಿಲಿಮೀಟರ್ ಉದ್ದದ ಎಳೆಗಳಿರುವ ಫುಟ್ಬಾಲ್ ಮೈದಾನಗಳಿಗೆ. ನಿಮ್ಮಂಥ ಮನೆಗಳಿಗೆ 15ರಿಂದ 20 ಮಿಲಿಮೀಟರಿನ ದಟ್ಟ ಎಳೆಯ ಹಾಸನ್ನು ತಂದು, ತೊಳೆದು ಒಣಗಿಸಿದ ದುಂಡು ಕಾಳಿನ ಸಿಲಿಕಾ ಉಸುಕನ್ನಷ್ಟೇ ತುಂಬಿಸಿರಿ. ಹೊಳೆಯ ಉಸುಕಿನಲ್ಲಿ ಮಣ್ಣಿರುತ್ತದೆ, ಅದು ಗಟ್ಟಿಯಾಗಿ ನೀರಿನ ದಾರಿಯನ್ನು ಮುಚ್ಚುತ್ತದೆ.

ಪ್ರಶ್ನೆ: ನಮ್ಮದು ಕೂಡುಕುಟುಂಬ. 60 ಅಡಿ ಉದ್ದ, 40 ಅಡಿ ಅಗಲದ ಜಾಗವಿದೆ. ಒಬ್ಬನಿಗೆ ಕ್ರಿಕೆಟ್, ಒಬ್ಬಳಿಗೆ ಟೆನಿಸ್, ತಮ್ಮನ ಮಕ್ಕಳಿಗೆ ಪಿಕಲ್‌ಬಾಲ್, ಹಿರಿಯರಿಗೆ ಕಬಡ್ಡಿಯ ನೆನಪು. ಎಲ್ಲ ಆಟಕ್ಕೂ ಒಂದೇ ಟರ್ಫ್ ಆಗುವುದೇ?
— ಓದುಗರು, ಜಮಖಂಡಿ

ಉತ್ತರ: ಆಗುವುದಿಲ್ಲ, ಮತ್ತು ಆಗುತ್ತದೆ ಎಂದು ಹೇಳುವವರಿಂದ ಹಾಸನ್ನು ಕೊಳ್ಳಬೇಡಿರಿ. ನೆಲ ಬದಲಾದರೆ ಆಟವೇ ಬದಲಾಗುತ್ತದೆ. ಬೆಳಗಾವಿಯ ಬಂಡು ಪಾಟೀಲರು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದಾಗ ಹಾಕಿ ನಿಜವಾದ ಹುಲ್ಲಿನ ಮೇಲಿನ ಆಟವಾಗಿತ್ತು. ಹನ್ನೆರಡು ವರ್ಷಗಳ ಬಳಿಕ, 1976ರ ಮಾಂಟ್ರಿಯಲ್‌ನಲ್ಲಿ, ಒಲಿಂಪಿಕ್ ಹಾಕಿ ಮೊದಲ ಬಾರಿ ಕೃತಕ ಹುಲ್ಲಿಗೆ ಬಂದಾಗ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಚೆಂಡಿನ ಓಟ, ಕಾಲಿನ ಹಿಡಿತ, ಆಟದ ವೇಗ ಎಲ್ಲವೂ ಬೇರೆಯಾಗಿದ್ದವು.

ನಿಮ್ಮ ಜಾಗದ ಅಳತೆಯನ್ನೇ ಹಿಡಿದು ನೋಡೋಣ. ಟೆನಿಸ್ ಅಂಕಣದ ಗೆರೆಗಳೇ 78 ಅಡಿ ಉದ್ದ, 36 ಅಡಿ ಅಗಲ ಇರುತ್ತವೆ, ಓಡುವ ಜಾಗ ಸೇರಿ 120 ಅಡಿಗೆ 60 ಅಡಿ ಬೇಕು. ಆದ್ದರಿಂದ ಟೆನಿಸ್ ಆಸೆಯನ್ನು ಗೋಡೆಗೆ ಹೊಡೆಯುವ ಅಭ್ಯಾಸಕ್ಕೆ ಸೀಮಿತಗೊಳಿಸಿರಿ. ಪಿಕಲ್‌ಬಾಲ್ ಅಂಕಣ ಬ್ಯಾಡ್ಮಿಂಟನ್‌ನಷ್ಟೇ, 44 ಅಡಿಗೆ 20 ಅಡಿ, ಜಾಗಕ್ಕೆ ಸರಿಹೊಂದುತ್ತದೆ. ಆದರೆ ಅದರ ತೂತುಗಳಿರುವ ಹಗುರ ಪ್ಲಾಸ್ಟಿಕ್ ಚೆಂಡು ಟರ್ಫ್ ಮೇಲೆ ಪುಟಿಯುವುದಿಲ್ಲ, ಬಿದ್ದಲ್ಲೇ ಸತ್ತಂತಾಗುತ್ತದೆ. ಪಿಕಲ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಆಡುವವರು ಟರ್ಫ್ ವಿಚಾರವನ್ನು ಬಿಟ್ಟು, ಕಾಂಕ್ರೀಟ್ ಮೇಲೆ ಅಕ್ರಿಲಿಕ್ ಬಣ್ಣ ಬಳಿಸಬೇಕು. ಬ್ಯಾಡ್ಮಿಂಟನ್‌ಗೆ ಟರ್ಫ್ ನಡೆಯುತ್ತದೆ, ಏಕೆಂದರೆ ಶಟಲ್ ಪುಟಿಯಬೇಕಾಗಿಲ್ಲ. ಕಾಲು ಸಿಕ್ಕಿಕೊಳ್ಳದಂತೆ ಎಳೆ ಗಿಡ್ಡವಾಗಿದ್ದರಾಯಿತು. ಹೊರಗಿನ ಗಾಳಿಗೆ ಶಟಲ್ ಹಾರುವುದನ್ನು ಯಾವ ಟರ್ಫೂ ತಡೆಯದು ಎಂಬುದು ಬೇರೆ ಮಾತು.

ನಿಮ್ಮ ಮನೆಗೆ ನನ್ನ ಸಲಹೆ ಕ್ರಿಕೆಟ್. ಪೂರ್ಣ ಪಿಚ್ 66 ಅಡಿ ಇರುವುದರಿಂದ 60 ಅಡಿಯಲ್ಲಿ ಅದು ಕೂಡುವುದಿಲ್ಲ, ಆದರೆ ಸಣ್ಣ ಮಕ್ಕಳಿಗೆ 48ರಿಂದ 54 ಅಡಿಯ ಪಿಚ್ ಸಾಕು. ಹತ್ತು ಅಡಿ ಅಗಲಕ್ಕೆ ಮಾತ್ರ, ಗರಸಿನ ಮೇಲೆ ಕಾಂಕ್ರೀಟ್ ಪಟ್ಟಿ ಹಾಕಿ, 9ರಿಂದ 12 ಮಿಲಿಮೀಟರಿನ ಗಿಡ್ಡ ದಟ್ಟ ಹಾಸನ್ನು ಅಂಟಿಸಿರಿ. ಖರ್ಚೂ ಕಡಿಮೆ, ಕಾಯುವ ಮೇಲ್ಮೈಯೂ ಕಡಿಮೆ. ಉಳಿದ ಜಾಗವನ್ನು ಮಣ್ಣಾಗಿಯೇ ಬಿಡಿರಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕಬಡ್ಡಿಗೆ ಟರ್ಫ್ ಎಂದಿಗೂ ಬೇಡ. ಹಿಡಿತಕ್ಕೆ ಸಿಕ್ಕ ಆಟಗಾರ ನೆಲಕ್ಕೆ ಉಜ್ಜಿಕೊಂಡೇ ಬೀಳುತ್ತಾನೆ, ಉಸುಕು ತುಂಬಿದ ಪ್ಲಾಸ್ಟಿಕ್ ಎಳೆಗಳು ಅವನ ಚರ್ಮವನ್ನು ಕೀಳುತ್ತವೆ. ಗರಡಿಮನೆಗಳ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡುವ ಪದ್ಧತಿ ನಮ್ಮ ಭಾಗದಲ್ಲಿ ಇನ್ನೂ ಜೀವಂತವಿದೆ. ನಿಮ್ಮ ಹಿರಿಯರಲ್ಲಿ ಯಾರಾದರೂ ಅದನ್ನು ಬಲ್ಲವರಿದ್ದರೆ 30 ಅಡಿ ಮೆತ್ತನೆಯ ಮಣ್ಣಿನ ಅಂಗಳವನ್ನು ಅವರ ಕೈಯಿಂದಲೇ ಮಾಡಿಸಿರಿ.

ಪ್ರಶ್ನೆ: ಮೂರು ಕಡೆಯಿಂದ ದರಪಟ್ಟಿ ತರಿಸಿದ್ದೇನೆ. ಒಂದಕ್ಕೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಏನನ್ನು ನೋಡಬೇಕು?
— ಓದುಗರು, ಗೋಕಾಕ

ಉತ್ತರ: ಮೊದಲು ಪ್ರತಿಯೊಬ್ಬರಿಂದಲೂ ನೆಲದ ಕೆಲಸದ ಮೊತ್ತವನ್ನೂ ಹಾಸಿನ ಮೊತ್ತವನ್ನೂ ಬೇರೆ ಬೇರೆ ಬರೆಸಿಕೊಳ್ಳಿರಿ. ಎರಡನ್ನೂ ಕೂಡಿಸಿ ಚದರಡಿಗಿಷ್ಟು ಎಂದು ಬರೆದಾಗ ಉಳಿತಾಯ ಯಾವಾಗಲೂ ನೆಲದಲ್ಲೇ ಆಗಿರುತ್ತದೆ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಗರಸು ಎಷ್ಟು ಇಂಚು, ಖಡಿ ಎಷ್ಟು ಇಂಚು, ಎಷ್ಟು ಪದರ ಎಂಬುದು ಕಾಗದದ ಮೇಲೆ ಬರಲಿ.

ಹಾಸಿನ ವಿಷಯದಲ್ಲಿ ಎಳೆ ಪಾಲಿಎಥಿಲೀನೋ ಪಾಲಿಪ್ರೊಪಿಲೀನೋ, ಎತ್ತರವೆಷ್ಟು, ಚದರ ಮೀಟರಿಗೆ ಎಷ್ಟು ಹೊಲಿಗೆ, ಬಿಸಿಲಿಗೆ ಬಣ್ಣ ಮಾಸದಿರಲು ಎಷ್ಟು ವರ್ಷದ ಖಾತರಿ ಎಂದು ಕೇಳಿರಿ. ಹಾಸುಗಳು ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ಮೀಟರ್ ಅಗಲದ ಸುರುಳಿಗಳಲ್ಲಿ ಬರುತ್ತವೆ. ನಾಲ್ಕು ಮೀಟರಿನದಾದರೆ ಜೋಡಣೆಗಳು ಅರ್ಧಕ್ಕಿಳಿಯುತ್ತವೆ, ಬಿಟ್ಟುಕೊಳ್ಳುವ ಜಾಗಗಳೂ ಅಷ್ಟೇ ಕಡಿಮೆ. ಎಲ್ಲ ಸುರುಳಿಗಳ ಎಳೆಗಳೂ ಒಂದೇ ದಿಕ್ಕಿಗೆ ಬಾಗಿರಬೇಕು, ಇಲ್ಲದಿದ್ದರೆ ಒಂದು ಪಟ್ಟೆ ದಟ್ಟವಾಗಿ, ಇನ್ನೊಂದು ತಿಳಿಯಾಗಿ ಕಾಣುತ್ತದೆ. ಕೈಯಗಲದ ಎರಡು ತುಂಡು ಮಾದರಿ ಪಡೆದು ಒಂದನ್ನು ಮಾಳಿಗೆಯ ಬಿಸಿಲಿಗೆ, ಇನ್ನೊಂದನ್ನು ಬಕೆಟ್ ನೀರಿಗೆ ಒಂದು ತಿಂಗಳು ಹಾಕಿರಿ. ಆಮೇಲೆ ಒಂದೊಂದು ಗೊಂಚಲನ್ನು ಇಕ್ಕಳದಿಂದ ಹಿಡಿದು ಎಳೆಯಿರಿ. ಸುಲಭವಾಗಿ ಕಿತ್ತು ಬಂದರೆ ಹಿಂಬದಿಯ ಅಂಟು ಕಳಪೆಯೆಂದೇ ತಿಳಿಯಿರಿ. ಕೊನೆಯ ಕಂತನ್ನು ಮೊದಲ ಮಳೆಗಾಲ ಮುಗಿದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿರಿ.

ಉಳಿದ ಪತ್ರಗಳಿಗೆ ಚುಟುಕಾಗಿ ಉತ್ತರಿಸುತ್ತೇನೆ.

ರಾತ್ರಿ ಆಟದ ದೀಪ ಮತ್ತು ಸದ್ದಿನ ಬಗ್ಗೆ ನೆರೆಯವರ ತಕರಾರಿದೆ ಎಂದು ಬರೆದ ವಿಜಯಪುರದ ಓದುಗರಿಗೆ: ಅವರ ತಕರಾರು ನ್ಯಾಯವಾದುದು. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ 45 ಡೆಸಿಬೆಲ್, ಹಗಲಿನಲ್ಲಿ 55. ಒಂಬತ್ತಕ್ಕೆ ದೀಪ ಆರಿಸಿರಿ, ದೀಪದ ಮುಖವನ್ನು ನೆಲದತ್ತ ಬಾಗಿಸಿರಿ. ಚೆಂಡು ತಡೆಯುವ ಬಲೆಯ ಕಂಬಗಳಿಗೆ ಪ್ರತ್ಯೇಕ ಪಾಯ ಬೇಕು. ಕಂಪೌಂಡ್ ಗೋಡೆಗೆ ಬಿಗಿದರೆ ಗಾಳಿ ಹಿಡಿದ ಬಲೆ ಗೋಡೆಯನ್ನೇ ಎಳೆಯುತ್ತದೆ. ಬಾಡಿಗೆಗೆ ಕೊಡುವ ವಿಚಾರವಿದ್ದರೆ ಅದು ವ್ಯಾಪಾರವಾಗುತ್ತದೆ, ಮೊದಲು ಮಹಾನಗರ ಪಾಲಿಕೆಯಲ್ಲಿ ಅನುಮತಿ ವಿಚಾರಿಸಿರಿ.

ಸೆಪ್ಟಿಕ್ ಟ್ಯಾಂಕಿನ ಮೇಲೆ ಹಾಸಬಹುದೇ ಎಂದು ಅಥಣಿಯವರು ಕೇಳಿದ್ದಾರೆ. ಮುಚ್ಚಳದ ಮೇಲೆ ಹಾಸಬಾರದು. ಟ್ಯಾಂಕ್ ಖಾಲಿ ಮಾಡಲು ಬಂದವರು ಹಾಸನ್ನು ಕೊಯ್ಯಬೇಕಾಗುತ್ತದೆ, ಗಾಳಿ ಹೋಗುವ ಪೈಪನ್ನು ಮುಚ್ಚುವುದಂತೂ ಅಪಾಯ.

ಕರಿಕಿ ಮತ್ತು ಜೇಕು ಟರ್ಫ್ ಸೀಳಿ ಬರುತ್ತವೆಯೇ ಎಂದು ಕೇಳಿದ ಬೈಲಹೊಂಗಲದವರಿಗೆ: ಜೇಕು ಬರುತ್ತದೆ. ಅದರ ಗಡ್ಡೆಗಳನ್ನು ಅಗೆದು ಆರಿಸಿ ತೆಗೆಯದೆ ಗರಸು ಹಾಕಬೇಡಿರಿ. ಕರಿಕಿ ಅಂಚಿನಿಂದ ನುಸುಳುತ್ತದೆ, ಸುತ್ತಲೂ ಒಂದು ಅಡಿ ಅಗಲಕ್ಕೆ ಫರಸಿ ಕೂಡಿಸಿದರೆ ಅದು ದಾಟುವುದಿಲ್ಲ.

ಕೊನೆಯದಾಗಿ, ದೀಪಾವಳಿಯ ಸುರುಸುರು ಬತ್ತಿಯ ಕಿಡಿ ಬಿದ್ದು ಟರ್ಫ್ ನಾಲ್ಕೈದು ಕಡೆ ಕರಗಿದೆ, ಪೂರ್ತಿ ಬದಲಿಸಬೇಕೇ ಎಂದು ಕೇಳಿದ ಬೆಳಗಾವಿಯ ಅಜ್ಜನವರಿಗೆ: ಬದಲಿಸಬೇಕಿಲ್ಲ. ಹಾಸುವಾಗ ಉಳಿದ ತುಂಡುಗಳನ್ನು ಎಸೆಯದೆ ಇಟ್ಟಿದ್ದರೆ ಅವೇ ಸಾಕು. ಕರಗಿದ ಜಾಗವನ್ನು ಹರಿತವಾದ ಕಟರ್‌ನಿಂದ ಚೌಕವಾಗಿ ಕತ್ತರಿಸಿ ತೆಗೆಯಿರಿ, ಅದನ್ನೇ ಅಳತೆಯಾಗಿಟ್ಟು ಹೊಸ ತುಂಡನ್ನು ಹಿಂಬದಿಯಿಂದ ಕತ್ತರಿಸಿರಿ, ಕೆಳಗೆ ಜೋಡಣೆಯ ಪಟ್ಟಿ ತೂರಿಸಿ ಅಂಟು ಹಚ್ಚಿರಿ, ಎಳೆಗಳು ಉಳಿದ ಹಾಸಿನ ದಿಕ್ಕಿಗೇ ಬಾಗಿವೆಯೇ ಎಂದು ನೋಡಿ ಕೂಡಿಸಿರಿ, ಮೇಲೆ ಒಂದು ದಿನ ಇಟ್ಟಿಗೆ ಹೇರಿರಿ. ಮಾರನೆಯ ದಿನ ಉಸುಕು ತುಂಬಿ ಕಸಬರಿಗೆ ಆಡಿಸಿದರೆ ಮೊಮ್ಮಕ್ಕಳು ಸಂಜೆಯೇ ಆಟಕ್ಕಿಳಿಯಬಹುದು.